ಅಕ್ಕಿ ಡಬ್ಬಿಯೊಳಗಿನ ಲಿಂಗ

ಇಂಥ ಮಾತುಗಳನ್ನು ಯಾರಾದರೂ ಹೇಳಲು ಶುರು ಮಾಡಿದರೆ ನಾನು ಎದ್ದು ಹೋಗುತ್ತಿದ್ದೆ. ಅಕ್ಕಿ ಗಿರಣಿಯಲ್ಲಿ ಮೂಟೆ ತೂಗುತ್ತಾ, ಮೀಸೆ ಬಂದ ಮೇಲೆ ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿತವನು ನಾನು. ಕಷ್ಟಪಟ್ಟು ಕಲಿತದ್ದರ ಮೇಲೆ ನಂಬಿಕೆ ಜಾಸ್ತಿ ಇರುತ್ತದೆ. ನೀವು ಇದನ್ನು ನಂಬಲೇಬೇಕೆಂದು ನಾನು ಹೇಳುವುದಿಲ್ಲ. ನಡೆದದ್ದನ್ನಷ್ಟೇ ಹೇಳುತ್ತೇನೆ.

ಎಪ್ಪತ್ತರ ದಶಕದ ಮಾತು. ನಮ್ಮ ಮನೆ ಸಿರುಗುಪ್ಪದಲ್ಲಿತ್ತು. ಕೊನೆಯ ಕೂಸು ಸತ್ತ ಮೇಲೆ ಅವ್ವ ಗೋಡೆಯ ಜೊತೆ ಮಾತಾಡತೊಡಗಿದಳು. ಒಮ್ಮೆ ಮೈಮೇಲೆ ಸೀಮೆಎಣ್ಣೆ ಸುರಿದುಕೊಂಡಳು. ಆಮೇಲೆ ಅವಳನ್ನು ಬಳ್ಳಾರಿಯ ಒಂದು ಮಾನಸಿಕ ಆಸ್ಪತ್ರೆಗೆ ಸೇರಿಸಿದೆವು.

ಸೇರಿಸಿದ ದಿನ ಅಲ್ಲಿಯವರು ಅವಳ ಕೊರಳಲ್ಲಿ ಬಟ್ಟೆಯಲ್ಲಿ ಸುತ್ತಿ ಕಟ್ಟಿದ್ದ ಲಿಂಗ ಬಿಚ್ಚಿ ನನ್ನ ಕೈಗೆ ಕೊಟ್ಟರು. ದಾರವನ್ನು ಕೊರಳಿಗೆ ಬಿಗಿದುಕೊಂಡಾಳು ಎಂಬ ಭಯ, ಅದು ತಪ್ಪಲ್ಲ. ಆದರೆ ಹುಟ್ಟಿದಾಗ ಕಟ್ಟಿದ ಲಿಂಗ ನಮ್ಮಲ್ಲಿ ಮಣ್ಣಿಗೆ ಹೋಗುವಾಗಲೂ ಜೊತೆಗೇ ಹೋಗಬೇಕು. ಅದಕ್ಕೆ ಪೂಜೆಯಾಗದೆ ಅವ್ವ ಎಂದೂ ತುತ್ತು ಎತ್ತಿದವಳಲ್ಲ. ದಾರ ತೆಗೆದು, ದಿನಕ್ಕೊಮ್ಮೆ ಅಂಗೈಯಲ್ಲಿ ಹಿಡಿದುಕೊಳ್ಳಲು ಬಿಡಿ ಎಂದು ಕೇಳಬಹುದಿತ್ತು. ನನಗೋ ಗುರುತಿನವರ ಕಣ್ಣಿಗೆ ಬೀಳುವ ಮೊದಲು ಆ ಗೇಟು ದಾಟಿದರೆ ಸಾಕಿತ್ತು. ಕೇಳಲಿಲ್ಲ.

ಲಿಂಗ ನಮ್ಮ ಮನೆಯ ದೇವರ ಜಗುಲಿಯ ಮೇಲಿತ್ತು. ತಂಗಿ ನೀಲಮ್ಮ ದಿನಾ ಬೆಳಿಗ್ಗೆ ನೀರೆರೆದು ಪೂಜೆ ಮಾಡುವಳು. ಅಲ್ಲಿ ಆಸ್ಪತ್ರೆಯ ಆಯಾ ಖಾಜಾಬಿ, ‘ನಿನ್ನ ಮಗಳು ಪೂಜಿ ಮಾಡ್ಯಾಳವ್ವ, ಉಣ್ಣು’ ಎಂದು ರಮಿಸಿ ಅವ್ವನಿಗೆ ಉಣಿಸುವಳು. ಹಾಗೆ ನಡೆದಿತ್ತು.

ನೀಲಮ್ಮನನ್ನು ನೋಡಲು ಕುರುಗೋಡಿನಿಂದ ಗಂಡಿನವರು ಬರುವುದಾಯಿತು. ತಾಯಿ ಹುಚ್ಚಾಸ್ಪತ್ರೆಯಲ್ಲಿದ್ದಾಳೆಂದರೆ ಆ ಹುಡುಗಿಯನ್ನು ಯಾರು ಒಯ್ಯುತ್ತಾರೆ? ಅಜ್ಜಿಗೆ ಆರಾಮಿಲ್ಲ, ಅವ್ವ ರಾರಾವಿಯ ತವರಿಗೆ ಹೋಗಿದ್ದಾಳೆ ಎಂದು ಹೇಳುವುದೆಂದು ಅಪ್ಪ ನಿಶ್ಚಯಿಸಿದ. ಸೋಮವಾರ ಬೆಳಿಗ್ಗೆ ಅವರು ಓಣಿಯ ತಿರುವಿಗೆ ಬಂದಾಗ ಅಪ್ಪನಿಗೆ ಜಗುಲಿಯ ಮೇಲಿನ ಲಿಂಗ ಕಂಡಿತು. ಲಿಂಗ ಬಿಟ್ಟು ಯಾವ ಹೆಂಗಸು ತವರಿಗೆ ಹೋಗುತ್ತಾಳೆ?

‘ಲೇ, ಅದನ್ನ ಎಲ್ಲ್ಯರ ಮುಚ್ಚಿಡಲೇ, ಲಗೂನ’ ಎಂದ.

ನಾನು ಅಡುಗೆಮನೆಗೆ ಓಡಿ, ದೊಡ್ಡ ಅಕ್ಕಿ ಡಬ್ಬಿಯಲ್ಲಿ ಮೊಣಕೈವರೆಗೆ ಕೈ ಇಳಿಸಿ ಅದನ್ನು ಹೂತುಬಿಟ್ಟೆ.

ಬಂದವರು ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ನಗುನಗುತ್ತಾ ಹೋದರು. ಆದರೆ ಹುಡುಗನ ಸೋದರತ್ತೆಯೊಬ್ಬಳು ನಮ್ಮ ಊರಲ್ಲೇ ಇದ್ದಳು. ಹೊತ್ತುಗೊತ್ತಿಲ್ಲದೆ ಬಂದು ಒಳಗೆಲ್ಲ ಕಣ್ಣಾಡಿಸುವಳು. ಮಾತು ಪಕ್ಕಾ ಆಗುವ ತನಕ ಅದು ಡಬ್ಬಿಯಲ್ಲೇ ಇರಲಿ ಎಂದ ಅಪ್ಪ. ನೀಲಮ್ಮ ಅತ್ತಳು. ಪೂಜೆ ನಿಂತಿತು.

ಆ ಗುರುವಾರ ನಾನು ಎಂದಿನಂತೆ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಬಳ್ಳಾರಿಗೆ ಹೋದೆ. ಬ್ರೂಸ್‌ಪೇಟೆಯಲ್ಲಿ ಬಾಳೆಹಣ್ಣು ಕೊಂಡು ಆಸ್ಪತ್ರೆ ಮುಟ್ಟಿದಾಗ ಸುಡುಸುಡು ಮಧ್ಯಾಹ್ನ. ಖಾಜಾಬಿ ಬಾಗಿಲಲ್ಲೇ ನಗುತ್ತಾ ಕೇಳಿದಳು:

‘ಏನ್ ತಮ್ಮಾ, ನಿಮ್ಮವ್ವನ್ನ ಅಕ್ಕಿ ಡಬ್ಬ್ಯಾಗ ಮುಚ್ಚಿಟ್ಟೀರಂತಲ್ಲ? ಕತ್ತಲಾಗೇತಿ, ಮೂಗಿನ್ಯಾಗ ಅಕ್ಕಿ ಹೋಗಾಕತ್ತಾವ ಅಂತಾಳ.’

ಸೋಮವಾರದಿಂದ ಅವ್ವ ಗಂಜಿ ಕೂಡ ಮುಟ್ಟಿಲ್ಲವೆಂದೂ, ಮಗಳು ಪೂಜೆ ಮಾಡಿದ್ದಾಳೆ ಎಂದರೆ ಸುಳ್ಳು ಎಂದು ಬಟ್ಟಲು ತಳ್ಳುತ್ತಾಳೆಂದೂ ಹೇಳಿದಳು. ಹೀಗೇ ಬಿಟ್ಟರೆ ಜೀವ ಉಳಿಯುವುದಿಲ್ಲ ಎಂದಾಗ ಅವಳ ನಗು ನಿಂತಿತ್ತು.

ನನಗೆ ಅವ್ವನ ಮುಖ ನೋಡುವ ಧೈರ್ಯವಾಗಲಿಲ್ಲ. ಬುತ್ತಿ ಖಾಜಾಬಿಗೆ ಕೊಟ್ಟು ತಿರುಗಿ ಬಸ್ಸು ಹತ್ತಿದೆ. ಮನೆಗೆ ಬಂದರೆ ಕುರುಗೋಡಿನಿಂದ ಒಪ್ಪಿಗೆ ಬಂದಿತ್ತು. ಅಪ್ಪ ಓಣಿಗೆಲ್ಲ ಸಕ್ಕರೆ ಹಂಚುತ್ತಿದ್ದ. ನಾನು ಅಕ್ಕಿಯೊಳಗೆ ಕೈ ಹಾಕಿ ಲಿಂಗ ತೆಗೆದೆ. ಅಪ್ಪ ನೋಡಿ, ಮತ್ತೆ ಸಕ್ಕರೆ ಹಂಚಲು ಹೊರಟ.

ಮರುದಿನ ಡಾಕ್ಟರನ್ನು ಕೇಳಿದೆ. ದಾರ ಬಿಚ್ಚಿ ಕೊಡು, ಆಯಾಳ ಎದುರಿಗೆ ಪೂಜೆ ಮಾಡಿಕೊಳ್ಳಲಿ ಎಂದರು. ಇಷ್ಟೇ ಮಾತು. ಮೊದಲ ದಿನ ಕೇಳಿದ್ದರೂ ಇಷ್ಟೇ ಆಗುತ್ತಿತ್ತು.

ಅವ್ವ ಗೋಡೆಗೆ ಒರಗಿ ಕೂತಿದ್ದಳು. ಕೆನ್ನೆ ಒಳಗೆ ಹೋಗಿತ್ತು. ಲಿಂಗವನ್ನು ಎಡಗೈಯಲ್ಲಿ ಹಿಡಿದು, ಅದರ ಬಟ್ಟೆಯ ಮಡಿಕೆಯನ್ನು ನಿಧಾನಕ್ಕೆ ಬಿಡಿಸಿದಳು. ಅಲ್ಲಿ ಸಿಕ್ಕಿಕೊಂಡಿದ್ದ ಒಂದು ಅಕ್ಕಿಕಾಳನ್ನು ತೆಗೆದು ನನ್ನ ಅಂಗೈಯಲ್ಲಿಟ್ಟಳು.

‘ಕುರುಗೋಡಿನವ್ರು ಒಪ್ಪಿದ್ರೇನಪಾ?’

ನಾನು ತಲೆಯಾಡಿಸಿದೆ.

ಗಂಡಿನವರ ಸುದ್ದಿ ಅವಳಿಗೆ ಯಾರು ಹೇಳಿದರೆಂದು ಆಮೇಲೆ ಎಲ್ಲರನ್ನೂ ಕೇಳಿದೆ. ಆ ವಾರ ಮನೆಯಿಂದ ನನ್ನ ಹೊರತು ಯಾರೂ ಬಳ್ಳಾರಿಗೆ ಹೋಗಿರಲಿಲ್ಲ. ಖಾಜಾಬಿ ಕುರುಗೋಡಿನ ಹೆಸರನ್ನೇ ನಮ್ಮ ಬಾಯಿಂದ ಕೇಳಿರಲಿಲ್ಲ. ಮನೆಯಲ್ಲಿ ಏನಾದರೂ ಮುಚ್ಚಿಡುವುದಾದರೆ ಅಕ್ಕಿ ಡಬ್ಬಿಯಲ್ಲೇ ಎಂದು ಅವ್ವ ಊಹಿಸಿರಬಹುದು. ಅವಳೂ ಹಾಗೇ ಮಾಡುತ್ತಿದ್ದಳು. ಅಷ್ಟಕ್ಕೆ ನನ್ನ ಬುದ್ಧಿ ಮುಟ್ಟುತ್ತದೆ. ಮಿಕ್ಕದ್ದು ಇಂದಿಗೂ ತಿಳಿದಿಲ್ಲ. ಅವಳು ಆಮೇಲೆ ಆಡಿದ ಮಾತನ್ನಂತೂ ಯಾವ ಊಹೆಯಿಂದಲೂ ಬಿಡಿಸಲಾರೆ. ನೀಲಮ್ಮನಿಗೆ ಈವರೆಗೂ ಹೇಳಿಲ್ಲ.

ಖಾಜಾಬಿ ತಂದ ನೀರನ್ನು ಲಿಂಗಕ್ಕೆ ಎರೆದು, ಕಣ್ಣು ಮುಚ್ಚಿ ತೆರೆದು, ಅವ್ವ ಸಣ್ಣ ದನಿಯಲ್ಲಿ ಹೇಳಿದ್ದು ಇದು:

‘ಹಂಗಾದ್ರ ಮದಿವಿ ಮುಗಿಯೋತನ ನಾ ರಾರಾವ್ಯಾಗ ಅದೀನಿ ಅಂತನ ಹೇಳ್ರಿ.’

ಹೇಳಿ, ಗಂಜಿಯ ಬಟ್ಟಲಿಗೆ ಕೈ ಚಾಚಿದಳು.