ಪೆನಾಂಗಿನ ಬೀದಿಯಲ್ಲಿ ಒತ್ತು ಶ್ಯಾವಿಗೆ

ಆಗೆಲ್ಲ ಬೇಸಿಗೆ ರಜೆ ಎಂದರೆ ನಮಗೆ ಅಜ್ಜಿಯ ಊರೇ. ಕೊಳ್ಳೇಗಾಲದಲ್ಲಿ ಬಸ್ಸು ಹತ್ತಿ ಹೊನ್ನೂರಿನಲ್ಲಿ ಇಳಿದರೆ ಕಬ್ಬಿನ ಗದ್ದೆ, ಎಳನೀರು, ಮಧ್ಯಾಹ್ನಕ್ಕೆ ಬಿಸಿ ಮುದ್ದೆ. ನಾನು ಐದನೇ ಕ್ಲಾಸು ಮುಗಿಸಿದ ವರ್ಷ ಮಾತ್ರ ಅಜ್ಜಿಯ ಜೊತೆ ವಿಮಾನ ಹತ್ತಿ ಮಲೇಷ್ಯಾದ ಪೆನಾಂಗಿಗೆ ಹೋದೆ. ಅಲ್ಲಿದ್ದ ಚಿಕ್ಕಮ್ಮನಿಗೆ ಹೆರಿಗೆಯಾಗಿತ್ತು. ಬಾಣಂತನಕ್ಕೆ ಅಜ್ಜಿ ಹೋಗಲೇಬೇಕು, ಆದರೆ ಅಜ್ಜಿಗೆ ಓದು ಬಾರದು. ಏರ್‌ಪೋರ್ಟಿನ ಬೋರ್ಡು ಓದುವುದಕ್ಕೆಂದು ನನ್ನನ್ನು ಜೊತೆ ಮಾಡಿ ಕಳಿಸಿದರು.

ಚಿಕ್ಕಪ್ಪ ಸತ್ತೇಗಾಲದವರು. ಪೆನಾಂಗಿನ ಒಂದು ಸಣ್ಣ ಲಾಡ್ಜಿನಲ್ಲಿ ಕೆಲಸ. ಸಂಜೆಯಾದರೆ ಲಾಡ್ಜಿಗೆ ಬಂದ ಪ್ರವಾಸಿಗರನ್ನು ಬೀದಿ ಸುತ್ತಿಸಿ ಆ ಊರಿನ ತಿಂಡಿ ತಿನ್ನಿಸುವುದು ಅವರ ಪಾಲಿನ ಕೆಲಸ. ಮಲಯರು, ಚೀನೀಯರು, ತಮಿಳರು ಒಂದೇ ಬೀದಿಯಲ್ಲಿ ಒಲೆ ಹಚ್ಚುವ ಊರು ಅದು. ದೊಡ್ಡ ಬಾಣಲೆಯಲ್ಲಿ ಬೆಂಕಿ ಏಳಿಸಿ ಹುರಿದ ಅಗಲ ಅಕ್ಕಿ ನೂಡಲ್ಸು, ಅನ್ನದ ಮೇಲೆ ನಾಲ್ಕೈದು ಬಗೆಯ ಸಾರು ಒಟ್ಟಿಗೆ ಸುರಿದುಕೊಡುವ ನಾಸಿ ಕಂದಾರ್, ಹುಣಸೆ ಹುಳಿಯ ಮೀನಿನ ಲಕ್ಸಾ. "ಪೆನಾಂಗಿಗೆ ಬಂದವರು ಇವನ್ನ ತಿನ್ದೆ ಹೋಗ್ಬಾರ್ದು ಕಣವ್ವ" ಎಂದು ನನಗೂ ಕೊಡಿಸುತ್ತಿದ್ದರು. ಕೈ ವಾಸನೆ ಹೋಗದಿರಲಿ ಎಂದು ನಾನು ತೊಳೆಯದೆಯೇ ಮಲಗುತ್ತಿದ್ದೆ.

ಅಜ್ಜಿ ಮಾತ್ರ ಒಂದನ್ನೂ ಮುಟ್ಟಲಿಲ್ಲ. ಮಗಳನ್ನು ಸಮುದ್ರದಾಚೆ ಕರೆದುಕೊಂಡು ಹೋದರೆಂದು ಅಳಿಯನ ಮೇಲೆ ಮುನಿಸು. ಎದುರೇ ಕೂತಿದ್ದರೂ ಮಾತು ನನ್ನ ಮೂಲಕವೇ.

"ಕೂಸು, ಬೀದಿ ತಿಂಡಿ ನಂಗ್ ಬ್ಯಾಡ ಅಂತ ಏಳು ನಿಮ್ ಚಿಕ್ಕಪ್ಪಂಗೆ."

ಚಿಕ್ಕಪ್ಪ ತಂದ ಪೊಟ್ಟಣಗಳು ಅಡುಗೆಮನೆಯ ಕಟ್ಟೆಯ ಮೇಲೆ ಹಾಗೇ ಆರುತ್ತಿದ್ದವು. ಒಂದು ಸಂಜೆ ಚಿಕ್ಕಮ್ಮ ಮಗುವನ್ನು ಎದೆಗೊತ್ತಿಕೊಂಡು ಅತ್ತುಬಿಟ್ಟರು. "ಊರ್ಗೆಲ್ಲ ತಿನ್ನಿಸೋರು ಅವ್ರು. ನೀನು ಮನೇಲಿದ್ಕಂಡು ಅವ್ರ ಕೈಯಿಂದ ಒಂದ್ ತುತ್ತು ಈಸ್ಕಳಲ್ಲ. ನಾನು ಉಣ್ತಿರೋದು ಅವ್ರ ಅನ್ನ ಅಲ್ವೇನವ್ವ?"

ಅಜ್ಜಿ ಎದ್ದು ಹೋಗಿ ಬಾಣಂತಿಗೆಂದು ಇಟ್ಟಿದ್ದ ಮೆಣಸಿನ ಸಾರಿನ ಕೆಳಗೆ ಉರಿ ಸಣ್ಣ ಮಾಡಿದಳು.

ಮರುದಿನ ಬೆಳಿಗ್ಗೆ ಚಿಕ್ಕಪ್ಪ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತರು. "ಅತ್ತೆ, ನೀವೇನೂ ತಿನ್ಬೇಡಿ. ಸುಮ್ನೆ ಬಂದು ನೋಡಿ, ಸಾಕು." ಅಜ್ಜಿ ಮಗಳ ಮುಖ ನೋಡಿದಳು. ಸೆರಗು ಹೊದ್ದುಕೊಂಡು ಹೊರಟಳು.

ಎರಡು ಬೀದಿ ದಾಟಿದ ಮೇಲೆ ಒಂದು ಅಂಗಡಿಯ ಮುಂದೆ ಅವಳ ಕಾಲು ನಿಂತಿತು. ಬೆತ್ತದ ಪುಟ್ಟ ತಟ್ಟೆಗಳ ಮೇಲೆ ಬಿಳಿ ಎಳೆ ಎಳೆಯಾಗಿ ನಮ್ಮ ಒತ್ತು ಶ್ಯಾವಿಗೆಯಂಥದೇ ಏನೋ ಬೇಯುತ್ತಿತ್ತು. ಪಕ್ಕದಲ್ಲಿ ಕಾಯಿತುರಿ, ಪುಡಿ ಮಾಡಿದ ಬೆಲ್ಲ. ಅಲ್ಲಿ ಅದಕ್ಕೆ ಪುಟು ಮಾಯಮ್ ಎನ್ನುತ್ತಾರೆ. ಮಾಡುತ್ತಿದ್ದವಳು ತಮಿಳು ಹೆಂಗಸು. ಅಜ್ಜಿಯ ತವರು ಹನೂರಿನಾಚೆಯ ಗಡಿಯೂರು, ತಮಿಳು ಅವಳಿಗೆ ಚಿಕ್ಕಂದಿನಿಂದಲೂ ಬರುತ್ತಿತ್ತು. ಒಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತೇಬಿಟ್ಟಳು. ಯಾವ ಅಕ್ಕಿ, ಹಿಟ್ಟು ಹುರಿದದ್ದೋ ಹಸಿಯೋ, ನೀರು ಎಷ್ಟು ಕಾಯಬೇಕು, ಎಲ್ಲ ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ನೋಡು ಕೂಸು, ನಾವು ಬೇಯಿಸ್ಕಂಡು ಒತ್ತೀವಿ. ಇವ್ಳು ಒತ್ಬುಟ್ಟು ಬೇಯಿಸ್ತಾವ್ಳೆ" ಎಂದಳು.

ಆ ಹೆಂಗಸು ಬಾಳೆಲೆಯ ಚೂರಿನಲ್ಲಿ ಕೊಟ್ಟದ್ದನ್ನು ಅಜ್ಜಿ ಬೇಡವೆನ್ನಲಿಲ್ಲ. ಕಾಯಿತುರಿ ಬೆರೆಸಿ, ಕಣ್ಣು ಮುಚ್ಚಿ ನಿಧಾನವಾಗಿ ತಿಂದಳು. ಅರ್ಧ ತಿಂದವಳು ತಲೆಯೆತ್ತಿ ನೋಡಿದಳು. "ನೀವೂ ತಕಳಿ ಅಳಿಯಂದ್ರೆ. ಆಗಿಂದ ನಿಂತ್ಕಂಡೇ ಇದ್ದೀರಿ."

ಒಂದೊಂದು ತಿಂಡಿಯ ಬಗ್ಗೆಯೂ ಗಂಟೆಗಟ್ಟಲೆ ಹೇಳಬಲ್ಲ ಚಿಕ್ಕಪ್ಪ, "ಸರಿ ಅತ್ತೆ" ಎಂದಷ್ಟೇ ಹೇಳಿ ಪಕ್ಕದಲ್ಲಿ ಕೂತರು.

ಅಲ್ಲಿಂದ ದಿನಕ್ಕೊಂದು ರುಚಿ. ಕಾಯಿಹಾಲು, ಬೆಲ್ಲ, ಹಸಿರು ಎಳೆಗಳ ತಣ್ಣನೆಯ ಚೆಂಡೋಲ್ ಅಜ್ಜಿಗೆ ಬಲು ಹಿಡಿಸಿತು. ಲಕ್ಸಾಕ್ಕೆ, "ಉಳಿ ಸರ್ಯಾಗೇ ಅದೆ, ಮೀನಿನ ವಾಸ್ನೆ ಜಾಸ್ತಿ" ಎಂದು ಬಟ್ಟಲು ನನ್ನ ಕಡೆ ಸರಿಸಿದಳು. ಪಕ್ಕದ ಮನೆಯ ಚೀನೀ ಮುದುಕಿ ಬಾಣಂತಿಗೆಂದು ಶುಂಠಿ, ಎಳ್ಳೆಣ್ಣೆಯ ಕೋಳಿ ತಂದುಕೊಟ್ಟರೆ, ಅಜ್ಜಿ ಅದೇ ಪಾತ್ರೆಯಲ್ಲಿ ಮೆಣಸಿನ ಸಾರು ತುಂಬಿ ಕಳಿಸಿದಳು. ಒಬ್ಬರ ಮಾತು ಒಬ್ಬರಿಗೆ ಬಾರದು. ಪಾತ್ರೆ ಮೂಸಿ, ತಲೆಯಾಡಿಸಿ, ನಗುತ್ತಿದ್ದರು. ಹೊರಡುವ ದಿನ ಅಜ್ಜಿ ಚಿಕ್ಕಪ್ಪನ ಕೈ ಹಿಡಿದು, "ನನ್ ಮಗ್ಳು ಚೆಂದಾಗವ್ಳೆ, ಬುಡಿ" ಎಂದಳು. ಚಿಕ್ಕಮ್ಮನಿಗೆ ಅಷ್ಟು ಸಾಕಾಯಿತು.

ಅಜ್ಜಿ ಹೋಗಿ ಬಹಳ ವರ್ಷವಾಯಿತು. ಈಗ ಕೊಳ್ಳೇಗಾಲದಲ್ಲೇ ನೂಡಲ್ಸು, ಮೊಮೊ ಎಲ್ಲ ಸಿಗುತ್ತವೆ. ನನ್ನ ಮಗಳು ಮೊಬೈಲಿನಲ್ಲಿ ಫೋಟೋ ನೋಡಿ ಆರಿಸುತ್ತಾಳೆ, ಇಬ್ಬರೂ ಖುಷಿಯಾಗಿ ತಿನ್ನುತ್ತೇವೆ. ತಿನ್ನುವುದಕ್ಕೆ ಏನೂ ಕೊರತೆಯಿಲ್ಲ, ನಾಲಿಗೆಗೆ ಅಂಜಿಕೆಯೂ ಇಲ್ಲ. ಆದರೆ ಡಬ್ಬಿ ಬಾಗಿಲಿಗೆ ಬರುತ್ತದೆ, ಮಾಡಿದವರು ಯಾರೋ, ಅವರ ಊರು ಯಾವುದೋ. ಕೇಳುವ ಪುರುಸೊತ್ತು ಯಾರಿಗೂ ಇಲ್ಲ. ನಾನೂ ಕೇಳುವುದಿಲ್ಲ.