ಗಂಗಾಲಕ್ಷ್ಮಿ ಹೊಲಿದ ಬ್ಯಾಲೆ ಅಂಗಿಗಳು

ಬೈರಕೂರಿನ ಗಂಗಾಲಕ್ಷ್ಮಿಗೆ ಹೊಲಿಗೆ ಬಂದದ್ದು ಅಪ್ಪನಿಂದ. ಕೋದಂಡರಾಮಪ್ಪ ಮುಳಬಾಗಿಲಿನಲ್ಲಿ ಪೌರಾಣಿಕ ನಾಟಕಗಳಿಗೆ ಡ್ರೆಸ್ ಹೊಲಿದು ಬಾಡಿಗೆಗೆ ಕೊಡುತ್ತಿದ್ದರು. ಬೆವರಿಗೆ ಕೊಳೆತ ಕಂಕುಳಿನ ಬಟ್ಟೆ ಕತ್ತರಿಸಿ ಹೊಸದು ಕೂರಿಸುವುದು, ದುರ್ಯೋಧನನ ಮೇಲಂಗಿಗೆ ಬಂಗಾರದ ಬಣ್ಣ ಬಳಿಯುವುದು ಅವರ ಇಬ್ಬರು ಹೆಣ್ಣುಮಕ್ಕಳಿಗೂ ಲಂಗ ಹಾಕುವ ವಯಸ್ಸಿಗೇ ಬಂದಿತ್ತು. ದೊಡ್ಡವಳು ಬೈರಮ್ಮನದು ಬಣ್ಣದ ಕೈ, ಗಂಗಾಲಕ್ಷ್ಮಿಯದು ಸೂಜಿಯ ಕೈ.

ಅಪ್ಪ ಹೋದ ಮೇಲೆ ಅಂಗಡಿ ಮುಚ್ಚಿತು. ಬೈರಮ್ಮ ಗಂಡನನ್ನು ಕಳೆದುಕೊಂಡು ಮಗಳು ಅನಿತಳೊಂದಿಗೆ ಊರಿಗೆ ಬಂದು ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಕೂಲಿಗೆ ಹೋಗುತ್ತಿದ್ದಳು. ಮದುವೆಯೇ ಆಗದ ಗಂಗಾಲಕ್ಷ್ಮಿ ಮಾಲೂರಿನ ಒಂದು ಹೊಲಿಗೆ ಯೂನಿಟ್ ಸೇರಿ, ಇಪ್ಪತ್ತು ವರ್ಷದಲ್ಲಿ ಅಲ್ಲಿಯ ಸ್ಯಾಂಪಲ್ ಟೈಲರ್ ಆದಳು. ಹೊಸ ಆರ್ಡರ್ ಬಂದರೆ ಮೊದಲ ಬಟ್ಟೆ ಅವಳ ಕೈಯಲ್ಲೇ ಆಗಬೇಕು.

ಎರಡು ವರ್ಷದ ಹಿಂದೆ, ಯುಗಾದಿ ಕಳೆದ ವಾರ, ಬೆಂಗಳೂರಿನಿಂದ ರಮ್ಯ ಎಂಬಾಕೆ ಒಂದು ರಟ್ಟಿನ ಪೆಟ್ಟಿಗೆ ಹಿಡಿದು ಬಂದಳು. ಹಳೆಯ ರಂಗ ಉಡುಪುಗಳ ಬಗ್ಗೆ ಓದಿಕೊಂಡವಳು. ವಿದೇಶದ ನೃತ್ಯ ತಂಡವೊಂದು ನೂರು ವರ್ಷಕ್ಕೂ ಹಿಂದಿನ ಬ್ಯಾಲೆಯನ್ನು ಮತ್ತೆ ಆಡಿಸುತ್ತಿತ್ತು. ಅದಕ್ಕೆ ಹಳೆಯದರಂತೆಯೇ ಹನ್ನೆರಡು ಅಂಗಿಗಳು ಬೇಕಿದ್ದವು. ಪೆಟ್ಟಿಗೆಯಲ್ಲಿ ತೆಳು ಕಾಗದದ ನಡುವೆ ಆ ಕಾಲದ ಅಂಗಿಯೊಂದು ಮಲಗಿತ್ತು. ಮುಟ್ಟಿದಲ್ಲೆಲ್ಲ ರೇಷ್ಮೆ ಒಣಗಿದ ಬಾಳೆಲೆಯಂತೆ ಸೀಳುತ್ತಿತ್ತು.

"ಆಗ ರೇಷ್ಮೆಗೆ ತೂಕ ಬರಲಿ ಅಂತ ತವರದ ಉಪ್ಪಲ್ಲಿ ನೆನೆಸ್ತಿದ್ರು. ಅದೇ ಈಗ ತಿಂದುಹಾಕಿದೆ," ಎಂದಳು ರಮ್ಯ.

"ಮೋಸ ಆವಾಗ್ಲೂ ಇತ್ತು ಅನ್ನಿ," ಎಂದಳು ಗಂಗಾಲಕ್ಷ್ಮಿ.

ರಮ್ಯ ನಕ್ಕಳು. ಅದಕ್ಕೂ ಹಿಂದೆ ಬ್ಯಾಲೆ ಹೆಂಗಸರು ಉಸಿರು ಬಿಗಿಯುವ ರವಿಕೆಯನ್ನೂ ಪದರಪದರ ಜಾಲರಿಯ ಗಿಡ್ಡ ಲಂಗವನ್ನೂ ತೊಟ್ಟು ಕುಣಿಯುತ್ತಿದ್ದರಂತೆ. ಆಮೇಲೆ ರಷ್ಯಾದವರ ತಂಡವೊಂದು ಪ್ಯಾರಿಸ್ಸಿಗೆ ಹೋಗಿ, ಚಿತ್ರ ಬರೆಯುವವರಿಂದ ಉಡುಪು ಮಾಡಿಸಿತು. ಸಡಿಲ ಇಜಾರ, ನಿಲುವಂಗಿ, ನಮ್ಮ ಕಡೆಯ ರಾಜರಾಣಿಯರಂತೆ ಕಾಣುವ ವೇಷಗಳು. ಬಟ್ಟೆಯ ಮೇಲೆ ಕೈಯಿಂದಲೇ ಬಣ್ಣ. ಒಗೆದರೆ ಬಣ್ಣ ಹೋಗುತ್ತದೆಂದು ಬೆವರಿನ ಕಲೆ ಹಾಗೇ ಉಳಿಯುತ್ತಿತ್ತು. ಪೆಟ್ಟಿಗೆಯಲ್ಲಿದ್ದ ಅಂಗಿಯ ಒಳಗಿನ ಅಸ್ತರಿನಲ್ಲಿ ಮಸಿಯಿಂದ ಮೂರು ಹೆಸರು ಬರೆದಿದ್ದರು, ಒಂದನ್ನು ಹೊಡೆದು ಇನ್ನೊಂದು. ಒಬ್ಬಳಾದ ಮೇಲೆ ಒಬ್ಬಳು ತೊಟ್ಟವರು. ಸೊಂಟದ ಹೊಲಿಗೆ ಬಿಚ್ಚಿ ಎರಡು ಬೆರಳು ಅಗಲ ಮಾಡಿದ್ದನ್ನು ಗಂಗಾಲಕ್ಷ್ಮಿ ತಕ್ಷಣ ಕಂಡಳು.

"ಹೊಲಿದೋರ ಹೆಸರು ಎಲ್ಲೈತೆ ಮೇಡಂ?"

"ಅದನ್ನ ಯಾರೂ ಬರೀತಿರ್ಲಿಲ್ಲ."

ಹೊಲಿಗೆ ಏನೋ ಆಯಿತು, ಅಚ್ಚಿನ ಹಾಳೆಯಿಟ್ಟು ಬಂಗಾರದ ಬಣ್ಣ ಬಳಿಯುವವರು ಯೂನಿಟ್‌ನಲ್ಲಿ ಇರಲಿಲ್ಲ. "ನಮ್ಮಕ್ಕ ಐತೆ ಸಾರ್, ಅಪ್ಪನ ಹತ್ರ ಕಲ್ತಿದ್ದು," ಎಂದು ಮ್ಯಾನೇಜರ್ ಮುರಳಿಮೋಹನ್‌ಗೆ ಹೇಳಿದವಳು ಗಂಗಾಲಕ್ಷ್ಮಿಯೇ. ಅನಿತಳನ್ನು ಕೋಲಾರದ ಹಾಸ್ಟೆಲಿಗೆ ಬಿಟ್ಟು ಬೈರಮ್ಮ ಮಾಲೂರಿಗೆ ಬಂದಳು. ತಂಗಿಯ ಬಾಡಿಗೆ ಕೋಣೆಯಲ್ಲಿ ಅಕ್ಕತಂಗಿಯರು ಮೂವತ್ತು ವರ್ಷದ ನಂತರ ಒಂದೇ ಚಾಪೆಯ ಮೇಲೆ ಮಲಗಿದರು.

ಬಣ್ಣದ ಕೆಲಸಕ್ಕೆ ಸ್ಟೋರಿನ ಪಕ್ಕದ ಕೋಣೆ ಕೊಟ್ಟರು. ಕಂಚಿನ ಪುಡಿಯನ್ನು ಥಿನ್ನರಿನಲ್ಲಿ ಕಲಸಿ ಬಳಿಯಬೇಕು, ಒಣಗುವ ಮುಂಚೆ ಮೇಲೆ ಇನ್ನಷ್ಟು ಪುಡಿ ಉದುರಿಸಬೇಕು. ಗಾಳಿ ಬಂದರೆ ಪುಡಿ ಹಾರುತ್ತದೆ, ಹೊರಗಿನ ಧೂಳು ಹಸಿ ಬಣ್ಣಕ್ಕೆ ಅಂಟುತ್ತದೆ ಎಂದು ಕಿಟಕಿಗೆ ಪ್ಲಾಸ್ಟಿಕ್ ಹೊಡೆದು, ಫ್ಯಾನಿನ ವೈರು ಕಿತ್ತರು. ಬೈರಮ್ಮ ಸೆರಗನ್ನೇ ಮೂಗಿಗೆ ಕಟ್ಟಿಕೊಂಡು ಬೆಳಗಿನಿಂದ ಸಂಜೆಯವರೆಗೆ ಒಳಗಿರುತ್ತಿದ್ದಳು. ಹೊರಗೆ ಬಂದರೆ ಹುಬ್ಬು, ಕಿವಿಯ ರೋಮ, ಉಗುರಿನ ಸಂದಿ ಎಲ್ಲ ಹೊಳೆಯುತ್ತಿತ್ತು. ಯೂನಿಟ್‌ನ ಹುಡುಗಿಯರು "ಲಕ್ಷ್ಮೀದೇವಮ್ಮ ಬಂದ್ಲು" ಎಂದು ತಮಾಷೆ ಮಾಡುತ್ತಿದ್ದರು.

ಎರಡನೇ ತಿಂಗಳಿಗೆ ಕೆಮ್ಮು ಹಿಡಿಯಿತು. ಆಮೇಲೆ ಮೆಟ್ಟಿಲು ಹತ್ತಲು ಆಗದೆ ನಡುವೆ ಕೂರುತ್ತಿದ್ದಳು.

"ಗಂಗಾ, ಎದೆ ಮೇಲೆ ಕಲ್ಲು ಇಟ್ಟಂಗೈತೆ ಕಣೇ. ಊರಿಗೆ ಹೋಗ್ತೀನಿ."

"ಇನ್ನು ನಾಲ್ಕೇ ಅಂಗಿ ಅಕ್ಕ. ನಿನ್ನ ಬಿಟ್ರೆ ಆ ಕೆಲ್ಸ ಯಾರಿಗೆ ಬರ್ತೈತೆ? ನನ್ನ ಮಾತು ಹೋಗ್ತೈತೆ."

ಮಾರನೆಯ ದಿನ ಬೈರಮ್ಮ ಸೆರಗು ಕಟ್ಟಿಕೊಂಡು ಒಳಗೆ ಹೋದಳು. ನಾಲ್ಕರಲ್ಲಿ ಮೂರು ಮುಗಿಸಿದಳು.

ಉಸಿರೇ ಸಿಗದಾದಾಗ ಸೇರಿಸಿದ ಕೋಲಾರದ ಆಸ್ಪತ್ರೆಯಲ್ಲಿ ಡಾಕ್ಟರು ಎದೆಯ ಎಕ್ಸ್‌ರೇ ಫೋಟೋ ನೋಡಿ, "ಏನು ಕೆಲಸ ಮಾಡ್ತಿದ್ರು ಇವರು?" ಎಂದು ಕೇಳಿದರು. ಗಂಗಾಲಕ್ಷ್ಮಿ ಹೇಳುವ ಮೊದಲೇ ಜೊತೆಗೆ ಬಂದಿದ್ದ ಮುರಳಿಮೋಹನ್, "ಮನೇಲೇ ಇದ್ರು ಸಾರ್. ಮೊದಲಿಂದಾನೂ ದಮ್ಮು," ಎಂದ. ಅವಳು ಬಾಯಿ ತೆರೆದಳು, ಮುಚ್ಚಿದಳು. ಹನ್ನೊಂದನೆಯ ದಿನ ಮಧ್ಯಾಹ್ನ ಬೈರಮ್ಮ ತೀರಿಕೊಂಡಳು. ಮೈ ತೊಳೆಯುವಾಗ ಕಿವಿಯ ಹಿಂದೆ ಇನ್ನೂ ಬಂಗಾರದ ಪುಡಿ ಇತ್ತು. ಎಷ್ಟು ಉಜ್ಜಿದರೂ ಹೋಗಲಿಲ್ಲ. ಬೈರಕೂರಿನಲ್ಲಿ ಹಾಗೆಯೇ ಮಣ್ಣು ಮಾಡಿದರು.

ತಿಥಿ ಮುಗಿಸಿ ಕೆಲಸಕ್ಕೆ ಹೋದ ವಾರವೇ ರಮ್ಯ ಸಿದ್ಧವಾದ ಅಂಗಿಗಳನ್ನು ನೋಡಲು ಬಂದಳು. ಹನ್ನೊಂದನ್ನು ಸಾಲಾಗಿ ನೇತುಹಾಕಿದ್ದರು. ರಮ್ಯ ಒಂದೊಂದರ ಮುಂದೆಯೂ ನಿಂತು, "ಎಂಥಾ ಕೈ! ಹಳೇದಕ್ಕಿಂತ ಚೆನ್ನಾಗಿದೆ. ಬಣ್ಣದ ಕೆಲಸ ಮಾಡಿದೋರನ್ನ ನೋಡಬೇಕಲ್ಲ," ಎಂದಳು.

"ರಜೆ ಮೇಲಿದ್ದಾರೆ ಮೇಡಂ," ಎಂದ ಮುರಳಿಮೋಹನ್.

"ಸತ್ತೋದ್ಲು," ಎಂದಳು ಗಂಗಾಲಕ್ಷ್ಮಿ. "ನಮ್ಮಕ್ಕ. ಆ ರೂಮಲ್ಲಿ ಕಿಟಕಿ ಮುಚ್ಚಿ ಕೂರಿಸಿದ್ರು. ಆ ಪುಡಿನೇ ಕುಡಿದು ಸತ್ಲು."

"ಏನಮ್ಮಾ, ಬಾಯಿಗೆ ಬಂದಂಗೆ..."

"ನೀವು ಸುಮ್ನಿರಿ ಸಾರ್. ಆಸ್ಪತ್ರೇಲಿ ನಾನು ಸುಮ್ನಿದ್ದಿದ್ದೇ ಸಾಕು."

ಮೆಷಿನ್‌ಗಳೆಲ್ಲ ಒಂದೊಂದಾಗಿ ನಿಂತವು. ರಮ್ಯ ಆ ಕೋಣೆಯನ್ನು ತೆಗೆಸಿ ನೋಡಿದಳು. ಗೋಡೆ, ನೆಲ, ಕೂರುತ್ತಿದ್ದ ಮಣೆ ಎಲ್ಲ ಹೊಳೆಯುತ್ತಿತ್ತು. ಹೊರಗೆ ಬಂದವಳು ಗಂಗಾಲಕ್ಷ್ಮಿಯ ಮುಖ ನೋಡಲಾರದೆ ಹೇಳಿದಳು: "ಕಂಚಿನ ಪುಡಿನೇ ಆಗಬೇಕು, ಹಳೇದರ ಹಾಗೇ ಇರಬೇಕು ಅಂತ ಬರೆದುಕೊಟ್ಟೋಳು ನಾನೇ. ಯಾರು ಬಳಿತಾರೆ ಅಂತ ಯೋಚಿಸಲಿಲ್ಲ."

"ಬೇಡ ಅಂದೋಳ್ನ ನಾಲ್ಕೇ ಅಂಗಿ ಅಂತ ಒಳಗೆ ಕಳಿಸಿದೋಳು ನಾನು ಮೇಡಂ," ಎಂದಳು ಗಂಗಾಲಕ್ಷ್ಮಿ. ಅದನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಹನ್ನೆರಡನೆಯ ಅಂಗಿ ಆಗಲಿಲ್ಲ. ಒಂದು ತಿಂಗಳೊಳಗೆ ಗಂಗಾಲಕ್ಷ್ಮಿಯನ್ನು ಗುಂಡಿ ಹೊಲಿಯುವ ಸಾಲಿಗೆ ಹಾಕಿದರು, ಆಮೇಲೆ ನಾಳೆಯಿಂದ ಬರಬೇಡ ಎಂದರು. ಕೋಲಾರದ ಕಾರ್ಮಿಕ ಕಚೇರಿಯಲ್ಲಿ ಅರ್ಜಿ ಕೊಟ್ಟಳು. ರಮ್ಯ ತಾನೇ ಬಂದು ಸಾಕ್ಷಿ ಹೇಳಿದಳು. ಆದರೆ ಬೈರಮ್ಮನ ಹೆಸರು ಯೂನಿಟ್‌ನ ಹಾಜರಿ ಪುಸ್ತಕದಲ್ಲಿ ಒಂದು ದಿನವೂ ಇರಲಿಲ್ಲ. ಆಸ್ಪತ್ರೆಯ ಕಾಗದದಲ್ಲಿ 'ಗೃಹಿಣಿ' ಎಂದಿತ್ತು. ವಾಯಿದೆಯ ಮೇಲೆ ವಾಯಿದೆ ಬೀಳುತ್ತಿದೆ. ಗಂಗಾಲಕ್ಷ್ಮಿ ಒಂದನ್ನೂ ತಪ್ಪಿಸಿಲ್ಲ. ಆ ಕೋಣೆಗೆ ಈಗ ಗಾಳಿ ಎಳೆಯುವ ಫ್ಯಾನು ಹಾಕಿದ್ದಾರಂತೆ.

ಅವಳೀಗ ಶ್ರೀನಿವಾಸಪುರದಲ್ಲಿ ಅನಿತಳನ್ನು ಇಟ್ಟುಕೊಂಡು ರವಿಕೆ ಹೊಲಿಯುತ್ತಾಳೆ. ಹುಡುಗಿ ಪಿಯುಸಿ ಓದುತ್ತಿದ್ದಾಳೆ. ತಾಯಿ ಊರಿಗೆ ಬರುತ್ತೇನೆ ಅಂದದ್ದನ್ನೂ ತಾನು ಬೇಡ ಅಂದದ್ದನ್ನೂ ಗಂಗಾಲಕ್ಷ್ಮಿ ಅವಳಿಗೆ ಹೇಳಿದಳು. ಅನಿತ ಹದಿನೈದು ದಿನ ಚಿಕ್ಕಮ್ಮನ ಜೊತೆ ಮಾತು ಬಿಟ್ಟಿದ್ದಳು.

ಕಳೆದ ಮಾಗಿಯಲ್ಲಿ ರಮ್ಯ ಫೋನಿಗೆ ಒಂದು ವಿಡಿಯೋ ಕಳಿಸಿದಳು. ಕತ್ತಲ ರಂಗದ ಮೇಲೆ ಹನ್ನೊಂದು ಹೆಂಗಸರು ತಿರುಗುತ್ತಿದ್ದರು. ದೀಪ ಬಿದ್ದಾಗೆಲ್ಲ ಬಂಗಾರ ಹೊತ್ತಿಕೊಂಡಂತೆ ಕಾಣುತ್ತಿತ್ತು. ಗಂಗಾಲಕ್ಷ್ಮಿಗೆ ಅರ್ಧಕ್ಕಿಂತ ಹೆಚ್ಚು ನೋಡಲಾಗಲಿಲ್ಲ. ಫೋನನ್ನು ಅನಿತಳ ಕೈಗೆ ಕೊಟ್ಟು ಮೆಷಿನ್ ಮುಂದೆ ಕುಳಿತಳು.

ಅನಿತ ಕೊನೆಯವರೆಗೂ ನೋಡಿದಳು. "ಇದ್ರಲ್ಲಿ ಅಮ್ಮ ಮಾಡಿದ್ದು ಯಾವ್ದು ಚಿಕ್ಕಮ್ಮ?"

"ಹೊಳೀತೈತಲ್ಲ, ಅದೆಲ್ಲಾನೂ."

ಹುಡುಗಿ ಇನ್ನೊಮ್ಮೆ ಮೊದಲಿನಿಂದ ಹಾಕಿಕೊಂಡು ಬಾಗಿಲ ಹತ್ತಿರ ಬೆಳಕಿಗೆ ಹೋಗಿ ನಿಂತಳು.