ಮಾನ್ಯ ಅನ್‌ಡಿಫೈನ್ಡ್ ಅವರಿಗೆ

ಪ್ರಸೋಜೊ ನನ್ನ ತಂಗಿಯ ಗಂಡನಾಗುವ ಮೊದಲೇ ನನ್ನ ತಲೆನೋವಾಗಿದ್ದ. ಜಾವಾ ದ್ವೀಪದ ಕ್ಲಾಟೆನ್ ಪೇಟೆಯ ನಮ್ಮ ಅಂಗಡಿಯಲ್ಲಿ ಇಬ್ಬರೂ ಕೂಡಿ ಮದುವೆಯ ಕರೆಯೋಲೆಗಳನ್ನು ವೆಬ್ ಪುಟವಾಗಿ ಮಾಡಿಕೊಡುತ್ತೇವೆ. ಲಿಂಕ್ ಒತ್ತಿದರೆ ಗಾಮೆಲಾನ್ ವಾದ್ಯಮೇಳ ಮೊಳಗುತ್ತದೆ, ಹೂವು ಉದುರುತ್ತದೆ, 'ಮಾನ್ಯ ಇಂಥವರಿಗೆ' ಎಂದು ಅತಿಥಿಯ ಹೆಸರೇ ಮೂಡುತ್ತದೆ. ಕೋಡ್ ಬರೆಯುವವನು ಅವನು, ಗಿರಾಕಿಗಳ ಬೈಗುಳ ತಿನ್ನುವವನು ನಾನು.

ಕೋಡಿನ ಭಾಷೆ ಜಾವಾಸ್ಕ್ರಿಪ್ಟಿನಲ್ಲಿ ಹೊಸದಾಗಿ ಏನು ಬಂದರೂ ಅವನಿಗೆ ಬೇಕು, ಅದೂ ಬಂದ ದಿನವೇ. ಕ್ಲಾಸ್ ಎಂಬ ಕೋಡಿನ ಕಟ್ಟಿನೊಳಗೇ ನೇರವಾಗಿ ಹೆಸರು ಬರೆದಿಡುವ ಶೈಲಿ ಬಂದಾಗ ಬೀದಿಗೆಲ್ಲ ಕರಿದ ಬಾಳೆಹಣ್ಣು ಹಂಚಿದ್ದ. ಹಳೆಯ ಬ್ರೌಸರುಗಳಲ್ಲಿ ಒಂದು ದೋಷವಿದೆ, ಆ ಹೆಸರನ್ನು ಇಲ್ಲದ ಕಡೆ ಹುಡುಕುತ್ತವೆ, ಟ್ರಾನ್ಸ್‌ಪೈಲ್ ಮಾಡು, ಅಂದರೆ ಹೊಸ ಕೋಡನ್ನು ಯಂತ್ರದ ಕೈಲೇ ಹಳೆಯ ಶೈಲಿಗೆ ಇಳಿಸು ಎಂದು ಗೋಗರೆದೆ. ಬ್ರೌಸರಿನ ತಪ್ಪಿಗೆ ನಾನ್ಯಾಕೆ ಬಗ್ಗಲಿ ಎಂದ. ಹಟದಲ್ಲಿ ಕೋಣ.

ಆಮೇಲೆ ಅವನಿಗೂ ನನ್ನ ತಂಗಿ ಕಿನಾಂತಿಗೂ ಮದುವೆ ಗೊತ್ತಾಯಿತು. ನಮಗೆ ಅಪ್ಪ ಅಮ್ಮ ಇಲ್ಲ. ಮದುಮಗಳ ಸ್ನಾನಕ್ಕೆ ಮೊದಲ ನೀರು ಹುಯ್ಯಬೇಕಾದವಳು ದೊಡ್ಡಮ್ಮ ವಾಗಿನೆಮ್, ನಮ್ಮ ಮಾತಿನಲ್ಲಿ ಬುಧೆ. ಬುಧೆ ಬರದಿದ್ದರೆ ತಾನು ಮದುವೆಯಾಗುವುದಿಲ್ಲ ಎಂದು ತಂಗಿ ಕಡ್ಡಿ ಮುರಿದಂತೆ ಹೇಳಿದ್ದಳು. ಈ ಮಹಾಶಯ ಬುಧೆಗೂ ಬರೀ ಲಿಂಕ್ ಕಳಿಸಿದ. ಅವಳ ಮಗ ಬಳಸಿ ಬಿಟ್ಟ ಹಳೆಯ ಫೋನಿನಲ್ಲಿ, ಹೆಸರು ಸಿಗದಾಗ ಯಂತ್ರ ಉದುರಿಸುವ ಪದ ಮೂಡಿತು: 'ಮಾನ್ಯ ಅನ್‌ಡಿಫೈನ್ಡ್ ಅವರಿಗೆ'.

ಬುಧೆ ನನಗೆ ಫೋನ್ ಮಾಡಿದಳು. "ಯಾರೋ ಅವಳು ಅನ್‌ಡಿಫೈನ್ಡು? ಅವಳ ಕೈಲೇ ನೀರು ಹುಯ್ಸ್ಕೊಳ್ಳಿ."

ನಾನು ನಕ್ಕೆ. ತಂಗಿ ನಗಲಿಲ್ಲ, ಮದುವೆ ಬಟ್ಟೆಯ ಅಂಗಡಿಗೆ ಹೊರಟವಳು ಚಪ್ಪಲಿ ಬಿಟ್ಟು ಒಳಗೆ ಹೋದಳು. ಪ್ರಸೋಜೊನ ಹಟ ಅಲ್ಲಿಗೆ ಇಳಿಯಿತು. ಊಟ ಬಿಟ್ಟು ಕೂತು ಕೋಡನ್ನೆಲ್ಲ ಹಳೆಯ ಶೈಲಿಗೆ ಇಳಿಸಿ, ಲಿಂಕ್ ಮತ್ತೆ ಕಳಿಸಿದ. ಹೆಸರು ಸರಿಯಾಗಿಯೇ ಬಂತಂತೆ. ಆದರೆ ಮನೆಗೆ ಬಂದು ಕರೆಯದವರ ಮದುವೆಗೆ ತಾನು ಬರುವವಳಲ್ಲ ಎಂದಳು ಬುಧೆ.

ನಾನೂ ಪ್ರಸೋಜೊನೂ ಅವಳ ಮನೆಗೆ ಹೊರಟೆವು. ಹಿರಿಯರ ಹತ್ತಿರ ನಮ್ಮಲ್ಲಿ ಮಾಮೂಲಿ ಜಾವಾನೀಸ್ ಆಡುವಂತಿಲ್ಲ, ಮರ್ಯಾದೆಯ ಮಾತಿನ ಪದಗಳೇ ಬೇರೆ. ಅವು ಅವನಿಗೆ ಬಾರವು. ನನ್ನ ಬೈಕಿನ ಹಿಂದೆ ಕೂತು ದಾರಿಯುದ್ದಕ್ಕೂ ಉರು ಹೊಡೆದ. ಬುಧೆಯ ಎದುರು ಚಾಪೆಯ ಮೇಲೆ ಕೂತವನು ಕೈ ಜೋಡಿಸಿ, ಹಿರಿಯರಿಗೆ ಸಲ್ಲಬೇಕಾದ ಪದವನ್ನು ತನಗೇ ಅಂಟಿಸಿಕೊಂಡ.

"ಬುಧೆ, ನಾನು ದಯಮಾಡಿಸಿದ್ದೀನಿ. ನೀನೂ ಬಾ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ತಪ್ಪಾಯಿತೆಂದು ಅವನಿಗೂ ಗೊತ್ತಾಯಿತು, ಎಲ್ಲೆಂದು ಗೊತ್ತಾಗಲಿಲ್ಲ. ಕಿವಿ ಕೆಂಪಾಗಿ, ಕಣ್ಣು ತುಂಬಿ ಕೂತಿದ್ದ. ಅವನನ್ನು ನೋಡಿ ಮೊದಲ ಸಲ ನನಗೆ ಅಯ್ಯೋ ಅನ್ನಿಸಿತು. ಬುಧೆ ತನ್ನ ಚಹಾದ ಲೋಟವನ್ನು ಅವನ ಕಡೆ ತಳ್ಳಿದಳು.

"ತಪ್ಪು ತಪ್ಪಾಗಿ ಹೇಳಿದ್ರೂ ನಂಗೆ ಅರ್ಥ ಆಗುತ್ತೆ ಕಣಪ್ಪ. ಯಾವಾಗ ಬರ್ಬೇಕು ಹೇಳು."